ಒಂದು ಉದ್ಧರಣೆ ಕ್ಸೆನಾನ್

ನಮ್ಮ ನಗರ ಸೀಮೆಯ ಹಳೆಯ ಮನೆಯೊಂದರಲ್ಲಿ 12 ಅಡಿ ಉದ್ದ, 12 ಅಡಿ ಅಗಲ, 9 ಅಡಿ ಎತ್ತರದ ನಡುಮನೆ ಇದೆಯೆಂದಿಟ್ಟುಕೊಂಡು, ಅದರೊಳಗಣ ಗಾಳಿಯಲ್ಲಿ ಬೆರೆತಿರುವ ಕ್ಸೆನಾನ್ ಎಂಬ ಅನಿಲವನ್ನೆಲ್ಲ ಬೇರ್ಪಡಿಸಿ ಒಂದೆಡೆ ಕೂಡಿಸಿದರೆ 3 ಘನ ಸೆಂಟಿಮೀಟರಿಗೆ ತುಸು ಮಿಕ್ಕೀತೇ ಹೊರತು, ಪಂಚಪಾತ್ರೆಯ ಉದ್ಧರಣೆಯೊಂದು ತುಂಬುವುದೂ ಅನುಮಾನವೇ. ವಾಯುಮಂಡಲದ ಸುಮಾರು 1 ಕೋಟಿ 15 ಲಕ್ಷ ಪಾಲಿನಲ್ಲಿ ಇದರದು ಒಂದೇ ಪಾಲು. ಬಣ್ಣವಿಲ್ಲದ, ವಾಸನೆಯಿಲ್ಲದ, ಯಾವ ಧಾತುವಿನೊಡನೆಯೂ ಸಂಬಂಧ ಬೆಳೆಸದೆಂದು ಬಹುಕಾಲ ನಂಬಲ್ಪಟ್ಟಿದ್ದ ಈ ಅನಿಲದ ಚರಿತ್ರೆಗೂ ಕನ್ನಡನಾಡಿಗೂ ಇರುವ ನಂಟು ಮಾತ್ರ ಅಲ್ಪವಾದುದಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ರ‍್ಯಾಮ್ಸೆ ಮತ್ತು ಆತನ ಕಿರಿಯ ಸಹೋದ್ಯೋಗಿ ಮಾರಿಸ್ ಟ್ರಾವರ್ಸ್ ಎಂಬಿಬ್ಬರು, ಗಾಳಿಯನ್ನು ಅತಿಶೈತ್ಯದಲ್ಲಿ ದ್ರವವಾಗಿಸಿ, ಆ ದ್ರವವನ್ನು ಮೆಲ್ಲಮೆಲ್ಲನೆ ಆವಿಯಾಗಗೊಟ್ಟು, ಉಳಿದ ಗಸಿಯನ್ನು ಮರಳಿ ಮರಳಿ ಶೋಧಿಸುತ್ತ 1898ರ ಬೇಸಿಗೆಯಲ್ಲಿ ಕ್ರಿಪ್ಟಾನ್, ನಿಯಾನ್‌ಗಳನ್ನು ಕಂಡುಕೊಂಡರು. ಅದೇ ಜುಲೈ ತಿಂಗಳಲ್ಲಿ, ಕ್ರಿಪ್ಟಾನಿಗಿಂತಲೂ ಭಾರವಾಗಿ ತಳದಲ್ಲುಳಿದ ಲೇಶಮಾತ್ರ ಅನಿಲವನ್ನು ಗಾಜಿನ ನಿರ್ವಾತನಳಿಗೆಯಲ್ಲಿ ತುಂಬಿ ವಿದ್ಯುತ್ತನ್ನು ಹಾಯಿಸಲು ಅದು ನೀಲವರ್ಣದಿಂದ ಬೆಳಗಿತು. ರೋಹಿತದರ್ಶಕದಲ್ಲಿ ಅದುವರೆಗೆ ಯಾರೂ ಕಾಣದಿದ್ದ ರೇಖೆಗಳು ಮೂಡಿದುವು. ಕ್ಸೆನಾನ್ ಪತ್ತೆಯಾದ ಬಗೆ ಇದು.

ಇವರಿಬ್ಬರ ಹೆಜ್ಜೆಗಳೂ ಮುಂದೆ ಬೆಂಗಳೂರಿನ ಕಡೆಗೆ ತಿರುಗಿದುವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಜಮಶೇಟ್‌ಜಿ ಟಾಟಾ ಅವರು ಸಂಕಲ್ಪಿಸಿದ್ದ ವಿಜ್ಞಾನ ಸಂಸ್ಥೆಗೆ ಯೋಗ್ಯವಾದ ಸ್ಥಳ ಯಾವುದೆಂದು ನಿಶ್ಚಯಿಸುವುದಕ್ಕಾಗಿ 1900ರ ಕೊನೆಗೆ ಭಾರತಕ್ಕೆ ಬಂದು ಊರೂರು ಸಂಚರಿಸಿದ ರ‍್ಯಾಮ್ಸೆ, ಬೆಂಗಳೂರೇ ಸರಿಯೆಂದು ಸೂಚಿಸಿದನು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ದಾನವಾಗಿತ್ತಿತು. ಟ್ರಾವರ್ಸನೇ ಆ ಸಂಸ್ಥೆಯ ಪ್ರಥಮ ನಿರ್ದೇಶಕನಾಗಿ ನಿಯುಕ್ತನಾಗಿ, ಕಟ್ಟಡಗಳ ನಕ್ಷೆಯಿಂದ ಹಿಡಿದು ಪ್ರಯೋಗಶಾಲೆಯ ಸಲಕರಣೆಗಳವರೆಗೆ ಸಮಸ್ತವನ್ನೂ ವಿಚಾರಿಸಿಕೊಂಡನು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಆಡಳಿತವರ್ಗದೊಡನೆ ಮನಸ್ತಾಪ ಬೆಳೆದು 1914ರಲ್ಲಿ ಆತನು ತಾಯ್ನಾಡಿಗೆ ಮರಳಿದನು. ಸಂಸ್ಥೆಯನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿಗರ ಬಾಯಲ್ಲಿ ಟ್ರಾವರ್ಸನ ಹೆಸರು ಎಂದಾದರೂ ಬರುವುದುಂಟೇ? ನಾನಂತೂ ಕೇಳಿಲ್ಲ.

ಇತ್ತ ಕ್ಸೆನಾನ್ ಸುಮ್ಮನೆ ಕುಳಿತಿತ್ತು. ಅದು ಫ್ಲೋರಿನ್ನಿನೊಡನೆ ಕೂಡಬಹುದೆಂದು ಲೈನಸ್ ಪಾಲಿಂಗ್ 1933ರಲ್ಲಿ ಊಹಿಸಿದ್ದನಾದರೂ, ಆ ವರ್ಷ ನಡೆದ ಪ್ರಯೋಗ ಫಲಿಸಲಿಲ್ಲವಾಗಿ, ಜಡಾನಿಲಗಳು ಜಡವೇ ಎಂಬ ವಾಕ್ಯ ಪಠ್ಯಪುಸ್ತಕಗಳಲ್ಲಿ ವೇದವಾಕ್ಯವಾಗಿ ನಿಂತಿತು. ಕೆನಡಾದ ವ್ಯಾಂಕೂವರಿನಲ್ಲಿದ್ದ ನೀಲ್ ಬಾರ್ಟ್‌ಲೆಟ್ ಎಂಬ ತರುಣ ರಸಾಯನಜ್ಞನಿಗೆ, ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ಕೆಂಪು ಅನಿಲವು ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನೊಂದನ್ನು ಕಿತ್ತುಕೊಳ್ಳುವುದೆಂಬುದು ತಿಳಿದುಬಂದಿತ್ತು. ಕೋಷ್ಟಕಗಳನ್ನು ತೆರೆದು ನೋಡಲು, ಆಮ್ಲಜನಕದ ಅಣುವಿನಿಂದ ಎಲೆಕ್ಟ್ರಾನನ್ನು ಬಿಡಿಸಲು ಬೇಕಾಗುವಷ್ಟೇ ಶಕ್ತಿ ಕ್ಸೆನಾನಿಗೂ ಹೆಚ್ಚುಕಡಮೆ ಸಾಕೆಂದು ಕಂಡಿತು. ಆ ಅಂಕಿಗಳು ಎಲ್ಲರ ಕಣ್ಣೆದುರಿಗೂ ಇದ್ದುವು. ಅಕ್ಕಪಕ್ಕದಲ್ಲಿಟ್ಟು ನೋಡಿದವನು ಈತನೊಬ್ಬನೇ. 1962ರ ಮಾರ್ಚ್ 23ರಂದು ಎರಡು ಪಾತ್ರೆಗಳ ನಡುವಣ ಗಾಜಿನ ತಡೆಯನ್ನು ಒಡೆದು ಆ ಕೆಂಪು ಅನಿಲವನ್ನು ಕ್ಸೆನಾನಿನೊಡನೆ ಬೆರೆಸಿದಾಗ, ತತ್‌ಕ್ಷಣವೇ ಕಿತ್ತಳೆ ಮಿಶ್ರಿತ ಹಳದಿಯ ಘನವಸ್ತು ಗಾಜಿಗೆ ಅಂಟಿತು. ಅದೇ ವರ್ಷ ಅಮೆರಿಕೆಯ ಆರ್ಗೋನ್ ಪ್ರಯೋಗಶಾಲೆಯವರು ಕ್ಸೆನಾನ್, ಫ್ಲೋರಿನ್‌ಗಳನ್ನು ಬರಿದೆ ಕಾಯಿಸಿಯೇ ವರ್ಣರಹಿತವಾದ ಟೆಟ್ರಾಫ್ಲೋರೈಡ್ ಹರಳುಗಳನ್ನು ಪಡೆದರು. ಮುಂದೆ ದೊರೆತ ಟ್ರೈಆಕ್ಸೈಡಾದರೋ ಒಣಗಿದೊಡನೆ ಸ್ಫೋಟಿಸುವಷ್ಟು ಕೋಪಿಷ್ಠ.

ಪ್ರಯೋಜನದ ಮಾತಿಗೆ ಬಂದರೆ, ನಮ್ಮ ಕಡೆಯ ಜನ ಸಿನಿಮಾ ಪರದೆಯ ಮೇಲೆ ಕ್ಸೆನಾನಿನ ಬೆಳಕನ್ನು ಅರಿಯದೆಯೇ ನೋಡಿದ್ದಾರೆ. ಪ್ರೊಜೆಕ್ಟರಿನ ಹಿಂದೆ ನಿಂತವನು, ಉರಿದು ಸವೆಯುವ ಎರಡು ಕಾರ್ಬನ್ ಕಡ್ಡಿಗಳ ಅಂತರವನ್ನು ಗಮನಿಸುತ್ತ, ಹೊಗೆಯಲ್ಲಿ ಬೇಯುತ್ತಿದ್ದ ಕಾಲ ಹೋಗಿ, ಅಧಿಕ ಒತ್ತಡದಲ್ಲಿ ಈ ಅನಿಲವನ್ನು ತುಂಬಿದ ಸ್ಫಟಿಕಶಿಲೆಯ ಬಲ್ಬು ಬಂದಿತು. ತಣ್ಣಗಿರುವಾಗಲೂ ಸಿಡಿಯಬಲ್ಲುದಾದ್ದರಿಂದ ಅದನ್ನು ಬದಲಿಸುವವನು ಮುಖಕ್ಕೆ ಕವಚ ಧರಿಸಬೇಕು.

ಘಟ್ಟದಾಚೆ ಕಾಳೀ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಇದರ ಇನ್ನೊಂದು ಮುಖವಿದೆ. ಯುರೇನಿಯಂ ಒಡೆದಾಗ ಹುಟ್ಟುವ ಅಯೋಡಿನ್ ಕ್ಷಯಿಸಿ ಕ್ಸೆನಾನ್-135 ಆಗುವುದು. ಅದಕ್ಕೆ ನ್ಯೂಟ್ರಾನುಗಳ ಹಸಿವು ಅಪಾರ. ಸ್ಥಾವರವನ್ನು ಹಠಾತ್ತಾಗಿ ನಿಲ್ಲಿಸಿದರೆ ಈ ಅನಿಲ ಒಳಗೆ ಸಂಚಯವಾಗಿ, ತಾನಾಗಿ ಕ್ಷಯಿಸುವವರೆಗೆ, ಅಂದರೆ 9 ಗಂಟೆಗಳಿಗೊಮ್ಮೆ ಅರ್ಧವಾಗುತ್ತ ಸಾಕಷ್ಟು ಕರಗುವವರೆಗೆ, ಮರುಚಾಲನೆಗೆ ಅಡ್ಡಿಯಾಗುವುದು. ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ನಡೆದು ಅಂದಿಗೆ ವಿಶ್ವದಾಖಲೆಯಾಯಿತು. ಅಷ್ಟು ದಿನವೂ ಒಳಗೆ ಹುಟ್ಟುತ್ತಲೇ ಇದ್ದ ಈ ವಿಷವನ್ನು ಲೆಕ್ಕದಲ್ಲಿಟ್ಟುಕೊಂಡೇ ನಡೆಸಿದ್ದು.

ಬಾರ್ಟ್‌ಲೆಟ್ ಗಮನಿಸಿದ ಗುಣವೇ ಈಗ ಅಂತರಿಕ್ಷದಲ್ಲಿ ಕೆಲಸಕ್ಕೆ ಬಂದಿದೆ. ಕ್ಸೆನಾನಿನ ಪರಮಾಣು ತಕ್ಕಮಟ್ಟಿಗೆ ಸುಲಭವಾಗಿ ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಭಾರವೂ ಹೌದು, ತೊಟ್ಟಿಯನ್ನು ತಿನ್ನುವುದೂ ಇಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಆ ಅಯಾನುಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಮಹಾವೇಗದಿಂದ ಹಿಂದಕ್ಕೆ ಚಿಮ್ಮಿಸಿದರೆ ಉಪಗ್ರಹ ಮುಂದಕ್ಕೆ ಸರಿಯುವುದು. ನೂಕು ಅತಿ ಕ್ಷೀಣ, ಆದರೆ ಇಂಧನದ ಉಳಿತಾಯ ಬಹಳ. ಭಾರತೀಯ ಬಾಹ್ಯಾಕಾಶ ಸಂಸ್ಥೆಯು ಇಂಥ ಎಂಜಿನುಗಳನ್ನಿಟ್ಟು ಕಳುಹಿಸಿದ ಜಿಸ್ಯಾಟ್-4, 2010ರಲ್ಲಿ ರಾಕೆಟ್ಟಿನ ವೈಫಲ್ಯದಿಂದ ಕಕ್ಷೆ ಸೇರದೆ ನಷ್ಟವಾಯಿತು. ಬೆಂಗಳೂರಿನಲ್ಲಿ ಸಿದ್ಧವಾದ ಜಿಸ್ಯಾಟ್-9, 2017ರ ಮೇ 5ರಂದು ಶ್ರೀಹರಿಕೋಟಾದಿಂದ ಏರಿ ಕಕ್ಷೆ ಸೇರಿತು. ಅದರ ತೊಟ್ಟಿಯಲ್ಲಿಯೂ ಕ್ಸೆನಾನ್ ಇತ್ತು, ಅದಕ್ಕೆ ಆಜ್ಞೆಗಳು ಹೋದದ್ದು ಹಾಸನದ ನಿಯಂತ್ರಣ ಕೇಂದ್ರದಿಂದ.