ಪೈಪಿನ ವ್ಯಾಸವೂ ಪಂಪಿನ ಸಾಮರ್ಥ್ಯವೂ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಂಥ ಮಳೆ ಕಡಿಮೆಯಾದ ಸೀಮೆಯಲ್ಲಿ, ಕೃಷಿಹೊಂಡದಲ್ಲಿ ನಿಂತ ಅಲ್ಪ ಜಲವನ್ನೇ ತೆಂಗಿನ ಬುಡಕ್ಕೆ ಹಾಯಿಸಿ ತೋಟವನ್ನು ಬೇಸಗೆಯಿಂದ ಪಾರುಮಾಡಬೇಕಾದ ರೈತನು, ಪಂಪು ಕೊಳ್ಳುವಾಗ ಅದರ ಅಶ್ವಶಕ್ತಿಯನ್ನು ಹತ್ತು ಬಾರಿ ವಿಚಾರಿಸಿ, ಪೈಪು ಕೊಳ್ಳುವಾಗ ಮಾತ್ರ ಬೆಲೆಯೊಂದನ್ನೇ ನೋಡುವುದುಂಟು. ಆ ಉಳಿತಾಯಕ್ಕೆ ತೆರುವ ದಂಡ ದೊಡ್ಡದು.

ತಗ್ಗಿನ ನೀರನ್ನು ದಿಣ್ಣೆಗೆ ಎತ್ತುವುದಲ್ಲದೆ, ಹರಿಯುವ ನೀರಿಗೂ ಪೈಪಿನ ಒಳಮೈಗೂ ನಡುವೆ ಹುಟ್ಟುವ ಘರ್ಷಣೆಯನ್ನು ಗೆಲ್ಲುವುದೂ ಪಂಪಿನ ಹೊಣೆಯೇ. ಫ್ರಾನ್ಸಿನ ದಿಜೋನ್ ನಗರಕ್ಕೆ ಕುಡಿಯುವ ನೀರನ್ನು ತಂದ ಎಂಜಿನಿಯರಾದ ಹೆನ್ರಿ ಡಾರ್ಸಿಯು ಈ ಘರ್ಷಣೆಯನ್ನು ಬಗೆಬಗೆಯ ಕೊಳವೆಗಳಲ್ಲಿ ಅಳೆದು 1857ರಲ್ಲಿ ಪ್ರಕಟಿಸಿದನು. ಅವನ ಹೆಸರನ್ನು ಹೊತ್ತ ಸೂತ್ರದಂತೆ, ಅಷ್ಟೇ ನೀರು ಹರಿಯಬೇಕಾದಲ್ಲಿ ವ್ಯಾಸವನ್ನು ಅರ್ಧಕ್ಕಿಳಿಸಿದರೆ ವೇಗವು ನಾಲ್ಮಡಿಯಾಗಿ, ಘರ್ಷಣೆಯ ನಷ್ಟವು ಸುಮಾರು 32 ಮಡಿಯಾಗುತ್ತದೆ. ಸೆಕೆಂಡಿಗೆ 5 ಲೀಟರಿನಂತೆ 100 ಮೀಟರ್ ದೂರಕ್ಕೆ ನೀರು ಸಾಗಬೇಕಾದರೆ, 75 ಮಿಲಿಮೀಟರ್ ಒಳವ್ಯಾಸದ ನುಣುಪಾದ ಪೈಪಿನಲ್ಲಿ ನಷ್ಟವು ಒಂದೂವರೆ ಮೀಟರಿನ ಆಸುಪಾಸು. 50 ಮಿಲಿಮೀಟರಿನದರಲ್ಲಿ 11 ಮೀಟರಿಗೂ ಮಿಗಿಲು. ನೆಲ ಸಮತಟ್ಟಾಗಿದ್ದರೂ ಆ ಎರಡಿಂಚಿನ ಪೈಪು ಪಂಪಿನ ಪಾಲಿಗೆ ಮೂರಂತಸ್ತಿನ ಮನೆಯ ಎತ್ತರವೇ ಸರಿ. ಅಷ್ಟು ಒತ್ತಡ ಪಂಪಿಗಿಲ್ಲದಿದ್ದರೆ ನೀರು ಇಳಿಮುಖವಾಗುತ್ತದೆ, ಡೀಸೆಲ್ ಉರಿಯುತ್ತಲೇ ಇರುತ್ತದೆ.

ಸಣ್ಣ ಬಾಯಿಯಿಂದ ನೀರು ರಭಸವಾಗಿ ಚಿಮ್ಮುವುದನ್ನು ಕಂಡು ಪಂಪು ಜೋರಾಗಿದೆಯೆಂದು ನಂಬುವವರು ಬಹಳ. ಪೈಪಿನ ತುದಿಗೆ ಹೆಬ್ಬೆರಳನ್ನು ಅರ್ಧ ಅಡ್ಡವಿಟ್ಟು ನೋಡಿ: ಧಾರೆ ದೂರಕ್ಕೆ ಹಾರುತ್ತದೆ, ಕೊಡ ಮಾತ್ರ ನಿಧಾನವಾಗಿ ತುಂಬುತ್ತದೆ. ಕೊಡ ತುಂಬುವ ಕಾಲವೇ ನಂಬತಕ್ಕ ಅಳತೆ.

ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಚೆಲ್ಲುವ ಪುಟ್ಟ ಬ್ಯಾಟರಿ ಪಂಪಿನಲ್ಲಿ ಈ ನಿಯಮವು ಇನ್ನೂ ಕಠೋರ. ಅದರ ಒತ್ತಡವೇ ಅತ್ಯಲ್ಪವಾದುದರಿಂದ, ಕಿರಿದಾದ ಅಥವಾ ಒಳಮೈ ಸುಕ್ಕುಗಟ್ಟಿದ ಪೈಪನ್ನು ಜೋಡಿಸಿದರೆ ಡಬ್ಬಿಯ ಮೇಲೆ ಬರೆದ ಪ್ರಮಾಣದ ನೀರು ಹೊರಬೀಳುವುದೇ ಇಲ್ಲ. ಹಾಗೆಂದು ವ್ಯಾಸವನ್ನು ಹಿಗ್ಗಿಸುತ್ತಲೇ ಹೋಗುವುದೂ ವ್ಯರ್ಥ. ಘರ್ಷಣೆ ನಗಣ್ಯವಾದ ಮೇಲೆ ಉಳಿಯುವುದು ದಿಣ್ಣೆಯ ಎತ್ತರ. ಅದನ್ನು ಯಾವ ಪೈಪೂ ತಗ್ಗಿಸಲಾರದು.

ಹೀರುವ ಕಡೆಯ ಪೈಪಿನ ವಿಷಯದಲ್ಲಂತೂ ಜಿಪುಣತನ ಸಲ್ಲದು. ಅಲ್ಲಿ ನೀರನ್ನು ಮೇಲಕ್ಕೆ ತಳ್ಳುವುದು ವಾಯುಭಾರವೇ ಹೊರತು ಪಂಪಲ್ಲ. ಸಮುದ್ರಮಟ್ಟದಲ್ಲಿ ಆ ಭಾರವು ಹೆಚ್ಚೆಂದರೆ 10.3 ಮೀಟರ್ ನೀರನ್ನು ಎತ್ತಬಲ್ಲುದು; ಸುಮಾರು 800 ಮೀಟರ್ ಎತ್ತರದ ಅರಸೀಕೆರೆ ಸೀಮೆಯಲ್ಲಿ ಒಂಬತ್ತೂವರೆಯೂ ಇಲ್ಲ, ವ್ಯವಹಾರದಲ್ಲಿ ಆರೇಳು ಸಿಕ್ಕರೆ ಹೆಚ್ಚು. ಇದರಲ್ಲಿಯೂ ಒಂದು ಪಾಲನ್ನು ಕಿರಿದಾದ ಪೈಪು ನುಂಗಿದರೆ, ಪಂಪಿನೊಳಗೆ ಒತ್ತಡ ಕುಸಿದು ನೀರು ಆವಿಯ ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಒಡೆಯುವಾಗ ಪಂಪು ಗೊರಗೊರನೆ ಸದ್ದುಮಾಡುತ್ತದೆ, ಕಾಲಕ್ರಮದಲ್ಲಿ ಅದರ ಚಕ್ರದ ರೆಕ್ಕೆಗಳಲ್ಲಿ ಕುಳಿಗಳು ಬೀಳುತ್ತವೆ.