ಮಾವನವರ ಯೆಜ್ಡಿಯೋ, ಮನೆಮಂದಿಯ ಕಾರೋ?

ಹೊಗೆಸೊಪ್ಪಿನ ಹರಾಜು ಮುಗಿದು ಕೈಗೆ ನಾಲ್ಕು ಕಾಸು ಬಂತೆಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಮನೆಗಳಲ್ಲಿ ಗಾಡಿ ಮಾತು ಶುರುವಾಗುತ್ತೆ. ನಿಮ್ಮನೆಯಲ್ಲೂ ಹೀಗೇ ತಾನೇ? ನಮ್ಮನೆಯಲ್ಲಂತೂ ಜಗಳವೇ ಆಯ್ತು. ಮಾವನವರು ಬಿಟ್ಟುಹೋದ ಯೆಜ್ಡಿ ರೋಡ್‌ಕಿಂಗನ್ನು ಪೂರ್ತಿ ರಿಪೇರಿ ಮಾಡಿಸೋಣ ಅಂತ ಇವರು, ಸೆಕೆಂಡ್ ಹ್ಯಾಂಡಾದರೂ ಸರಿ, ಒಂದು ಸಣ್ಣ ಕಾರು ತಗೊಳ್ಳೋಣ ಅಂತ ನಾನು.

ಯೆಜ್ಡಿ ಮೇಲೆ ಈ ಕಡೆ ಗಂಡಸರಿಗಿರುವ ಮೋಹ ಸುಮ್ಮನೆ ಬಂದದ್ದಲ್ಲ ಬಿಡಿ. ಅದು ನಮ್ಮ ಮೈಸೂರಿನದೇ ಕೂಸು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿತ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 250 ಸಿಸಿಯ ಟೂ ಸ್ಟ್ರೋಕ್ ಇಂಜಿನ್, ಎರಡು ಸೈಲೆನ್ಸರ್, ಕಿಕ್ಕರಿಗೂ ಗೇರಿಗೂ ಒಂದೇ ಲಿವರ್! ಬೀದಿ ತುದಿಯಲ್ಲಿ ಸದ್ದು ಕೇಳಿಸಿದೊಡನೆ ಅತ್ತೆ ಕಾಫಿಗೆ ನೀರಿಡುತ್ತಿದ್ದರಂತೆ. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಹಿಂದೆ ಕೂತು ಬಂದರೆ ಸೀರೆಗೆಲ್ಲಾ ಹೊಗೆ ವಾಸನೆ.

ಜಗಳ ಮುಗಿಸಿದ್ದು ಒಂದು ಆಷಾಢದ ರಾತ್ರಿ. ಮೂರು ವರ್ಷದ ಮಗನಿಗೆ ಉಸಿರು ಕಟ್ಟಿದಂತಾಯ್ತು. ಹೊರಗೆ ಜಡಿಮಳೆ. ಮೈಸೂರಿಗೆ 45 ಕಿಲೋಮೀಟರ್. ಇವರು ಕಿಕ್ ಹೊಡೆದರು, ಹೊಡೆದರು, ಬೈಕು ಏಳಲಿಲ್ಲ. ಎದ್ದಿದ್ದರೂ ಆ ಮಳೆಯಲ್ಲಿ ಮಗುವನ್ನು ಹೇಗೆ ಹಿಡಿದುಕೊಳ್ಳಲಿ ಹೇಳಿ? ಪಕ್ಕದ ಮನೆಯವರ ಕಾರು ನಮ್ಮನ್ನು ಕಾಪಾಡಿತು. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕರೆದೊಯ್ಯುವಾಗ ಹೆಲ್ಮೆಟ್ ಹಾಕಿ, ಓಡಿಸುವವರ ಮೈಗೆ ಸೇರಿಸಿ ಬೆಲ್ಟ್ ಕಟ್ಟಬೇಕು, 40 ಕಿ.ಮೀ. ವೇಗ ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಇದೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಕಾರು ಬಂತು. ಗೆದ್ದೆ ಅಂದುಕೊಂಡೆ. ಎಲ್ಲಿಯ ಗೆಲುವು! ಇವರು ಹೊಲಕ್ಕೆ ಯೆಜ್ಡಿಯಲ್ಲೇ ಹೋಗುತ್ತಿದ್ದರು, ಕಾರು ಅಂಗಳದಲ್ಲಿ ಕೋಳಿಗೆ ನೆರಳು ಕೊಡುತ್ತಾ ನಿಂತಿರುತ್ತಿತ್ತು. ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲು ಮೊದಲಿನಂತೆಯೇ ಇವರ ಬಿಡುವಿಗೆ ಕಾಯಬೇಕಿತ್ತು. ಆರು ತಿಂಗಳ ನಂತರ ಬುದ್ಧಿ ಬಂತು ನನಗೆ. ಎಲ್ಎಲ್ ಮಾಡಿಸಿ, ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಎಲ್ಎಲ್ ಸಿಕ್ಕ 30 ದಿನದ ಮೇಲೆ ಟೆಸ್ಟಿಗೆ ಹೋಗಬಹುದು, ಆರು ತಿಂಗಳೊಳಗೆ ಮುಗಿಸಬೇಕು. ಕಾರು ಕೊಳ್ಳುವ ಮೊದಲೇ ಕಲಿತಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತೆ. ನೀವು ಆ ತಪ್ಪು ಮಾಡಬೇಡಿ.

ಯೆಜ್ಡಿಯನ್ನು ಮಾರಿಸಲಿಲ್ಲ. ಮಾವನವರ ನೆನಪು, ಇರಲಿ. ಆದರೆ ಹಳೇ ಗಾಡಿ ಇಟ್ಟುಕೊಳ್ಳುವುದಾದರೆ 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು, ಇನ್ಶೂರೆನ್ಸ್ ಇರಲೇಬೇಕು. ಸೆಕೆಂಡ್ ಹ್ಯಾಂಡ್ ಕಾರಾದರೆ ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಉಳಿದಿದೆಯಾ ನೋಡಿ. ಏರ್‌ಬ್ಯಾಗ್ ಇದೆಯಾ ಕೇಳಿ. ಡ್ರೈವರ್ ಕಡೆಯದು ಕಡ್ಡಾಯವಾದದ್ದೇ 2019ರಲ್ಲಿ. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳಲೇಬೇಡಿ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಏಟು ಮೊದಲು ಬೀಳುವುದು ಮಗುವಿಗೇ.

ಮೊನ್ನೆ ಕೆ.ಆರ್. ನಗರದಾಚೆ ಚುಂಚನಕಟ್ಟೆಗೆ ಹೋದೆವು. ಇವರು ಮುಂದೆ ಯೆಜ್ಡಿಯಲ್ಲಿ, ಮಕ್ಕಳು, ಅತ್ತೆಯ ಜೊತೆ ನಾನು ಹಿಂದೆ ಕಾರಿನಲ್ಲಿ. "ಅವನ ಹೊಗೆ ಕುಡ್ಕೊಂಡು ಯಾಕ್ ಬರ್ತೀಯ, ಮುಂದಕ್ಕೆ ಹೋಗು ಕಣಮ್ಮಾ" ಅಂದರು ಅತ್ತೆ.