ಹೊತ್ತು ಮುಳುಗೋದ್ರೊಳಗ ಮನಿ: ಚಳಿಗಾಲದ ಒಂದು ದಿನದ ಪ್ರವಾಸ



ಚಳಿ ಬಿತ್ತೆಂದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ರವಿವಾರ ಎಲ್ಲಾರೂ ಕೂಡಿ ಎಲ್ಲ್ಯಾರ ಹೋಗಿ ಬರೂಣು." ಕಾಕಾ ಗಾಡಿ ತರುತ್ತಾರೆ, ಅವ್ವ ಬುತ್ತಿ ಕಟ್ಟುತ್ತಾಳೆ, ಅಜ್ಜಿ ಶಾಲು ಹುಡುಕುತ್ತಾಳೆ. ಆದರೆ ಎಷ್ಟಕ್ಕೆ ಹೊರಡಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಈ ಸಲ ಆ ಕೆಲಸ ನೀವು ಮಾಡಿರಿ. ಒಂದು ಹಾಳೆ, ಒಂದು ಪೆನ್ಸಿಲ್, ಶಾಲೆಯಲ್ಲಿ ಕಲಿತ ವಿಜ್ಞಾನ ಇದ್ದರೆ ಸಾಕು.

ನಮ್ಮ ದಾರಿ ಒಂದು ತ್ರಿಕೋನ. ಸೊಲ್ಲಾಪುರದಿಂದ ಹೈದರಾಬಾದ್ ರಸ್ತೆಯಲ್ಲಿ ನಳದುರ್ಗ, ಅಲ್ಲಿಂದ ಅಕ್ಕಲಕೋಟೆ, ಅಲ್ಲಿಂದ ತಿರುಗಿ ಸೊಲ್ಲಾಪುರ. ಒಟ್ಟು ಸುಮಾರು 130 ಕಿಲೋಮೀಟರ್.

ಲೆಕ್ಕ ಸಂಜೆಯಿಂದ ಶುರು

ಎಲ್ಲರೂ ಮುಂಜಾನೆಯಿಂದ ಲೆಕ್ಕ ಹಾಕುತ್ತಾರೆ. ನೀವು ಸಂಜೆಯಿಂದ ಹಿಂದಕ್ಕೆ ಹಾಕಿರಿ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ. ಡಿಸೆಂಬರಿನಲ್ಲಿ ನಮ್ಮ ಉತ್ತರಾರ್ಧಗೋಳ ಸೂರ್ಯನಿಂದ ಆಚೆ ವಾಲಿರುವುದರಿಂದ ಹಗಲು ಚಿಕ್ಕದು. ಆ ತಿಂಗಳ ಕೊನೆಗೆ ನಮ್ಮಲ್ಲಿ ಹಗಲು ಸುಮಾರು 11 ತಾಸು ಮಾತ್ರ. ಮುಂಜಾನೆ 7ರ ಹೊತ್ತಿಗೆ ಸೂರ್ಯ ಹುಟ್ಟಿ, ಸಂಜೆ 6ಕ್ಕೆ ಮುಳುಗುತ್ತಾನೆ.

ಇದೇ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಕಬ್ಬು ನುರಿಸುವ ಹಂಗಾಮು. ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರಾಲಿಗಳು ರಾತ್ರಿಯೆಲ್ಲ ರಸ್ತೆಯ ಮೇಲೆ ಇರುತ್ತವೆ. ಎಷ್ಟೋ ಟ್ರಾಲಿಗಳಿಗೆ ಹಿಂದೆ ಕೆಂಪು ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಹೋದ ವರ್ಷ ನಾವು ತಡ ಮಾಡಿ ಕತ್ತಲಲ್ಲಿ ಬರುವಾಗ ಅಂಥದೊಂದು ಟ್ರಾಲಿ ಒಮ್ಮೆಲೇ ಮುಂದೆ ಕಂಡಿತು. ಬ್ರೇಕ್ ಹಾಕಿ ನಿಂತಾಗ ನಡುವೆ ಉಳಿದದ್ದು ಎರಡು ಮಾರು. ಗಾಡಿಯೊಳಗೆ ಯಾರೂ ಬಹಳ ಹೊತ್ತು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ನಾನು ಈ ಲೆಕ್ಕ ಮಾಡಿದೆ, ನೀವೂ ಮಾಡಿ ನೋಡಿರಿ.

ವೇಗ ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಕಣ್ಣು ಕಂಡು, ಮೆದುಳು ತಿಳಿದು, ಕಾಲು ಬ್ರೇಕ್ ಒತ್ತಲು 1.5 ಸೆಕೆಂಡ್ ಹಿಡಿಯಿರಿ. ಅಷ್ಟರಲ್ಲೇ ಗಾಡಿ 33 ಮೀಟರ್ ಹೋಗಿರುತ್ತದೆ. ಒಳ್ಳೆಯ ಒಣ ಡಾಂಬರು ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು 68 ಮೀಟರ್. ಲೈಟು ಡಿಮ್ ಮಾಡಿದಾಗ ದೀಪವಿಲ್ಲದ ವಸ್ತು ಕಾಣುವುದು ಸುಮಾರು 40-50 ಮೀಟರ್ ದೂರದಿಂದ. ಅಂದರೆ ಕಂಡ ಮೇಲೆ ನಿಲ್ಲಲು ಜಾಗವೇ ಸಾಲದು! ಅದೇ 50 ಕಿ.ಮೀ. ವೇಗದಲ್ಲಿ 21 ಮತ್ತು 14 ಸೇರಿ 35 ಮೀಟರ್. ವೇಗ ಇಮ್ಮಡಿಯಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ.

ಹೀಗಾಗಿ ಹಾಳೆಯ ಕೊನೆಯ ಸಾಲನ್ನು ಮೊದಲು ಬರೆಯಿರಿ: "ಸಂಜೆ 5ಕ್ಕೆ ಮನೆ." ಉಳಿದ ಒಂದು ತಾಸು ಪಂಕ್ಚರಿಗೆ, ಚಹಾಕ್ಕೆ, ದಾರಿ ತಪ್ಪಿದ್ದಕ್ಕೆ. ಆ ತಾಸನ್ನು ಬೇರೆ ಯಾವುದಕ್ಕೂ ಕೊಡಬೇಡಿರಿ.

ಒಣ ಹವೆಯ ಆಟ

ಚಳಿಗಾಲದಲ್ಲಿ ಗಾಳಿ ನೆಲದ ಮೇಲಿನಿಂದ ಬೀಸುವುದರಿಂದ ಅದರಲ್ಲಿ ನೀರಾವಿ ಕಡಿಮೆ. ನೀರಾವಿಯೂ ಮೋಡವೂ ಭೂಮಿಗೆ ಹೊದಿಕೆ ಇದ್ದಂತೆ. ಹೊದಿಕೆ ತೆಳುವಾದಾಗ ನೆಲದ ಶಾಖ ರಾತ್ರಿ ಆಕಾಶಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಮಧ್ಯಾಹ್ನ 30 ಡಿಗ್ರಿ ಇದ್ದರೂ ನಸುಕಿನಲ್ಲಿ 15ರ ಆಸುಪಾಸು. ರಾಜಸ್ಥಾನದ ಥಾರ್‌ನಲ್ಲಿ, ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಇದೇ ಆಟ ಇನ್ನೂ ಜೋರು. ನಮಗೆ ಇದರಿಂದ ಮೂರು ಪಾಠ.

ಒಂದು, ಅಜ್ಜಿಗೆ ಶಾಲೂ ಬೇಕು, ಟೊಪ್ಪಿಗೆಯೂ ಬೇಕು. ಎರಡು, ಒಣ ಗಾಳಿಯಲ್ಲಿ ಬೆವರು ಕೂಡಲೇ ಆರುತ್ತದೆ. "ಬೆವರೇ ಬಂದಿಲ್ಲ, ನೀರ ಯಾಕ?" ಅನ್ನುತ್ತಾರೆ. ಮೈಯಿಂದ ನೀರು ಹೋಗುತ್ತಲೇ ಇರುತ್ತದೆ. ಪ್ರತಿ ನಿಲ್ದಾಣದಲ್ಲಿ ಎಲ್ಲರಿಗೂ ನೀರು ಕೊಡುವ ಹೊಣೆ ನಿಮ್ಮದು, ಮೊದಲು ಚಿಕ್ಕವರಿಗೆ, ಹಿರಿಯರಿಗೆ. ಮೂರು, ಟೈರಿನ ಗಾಳಿ ಮುಂಜಾನೆ ಗಾಡಿ ತಣ್ಣಗಿರುವಾಗಲೇ ನೋಡಿಸಿರಿ. ತಾಪ 10 ಡಿಗ್ರಿ ಏರಿದರೆ ಒತ್ತಡ ಒಂದೆರಡು ಪಿ.ಎಸ್.ಐ. ಏರುತ್ತದೆ, ಓಡಿದ ಮೇಲೆ ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಇವುಗಳಲ್ಲಿ ನೀರಿನಂಶ ಕಡಿಮೆ. ನೀರಿಲ್ಲದೆ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯಲಾರವು. ನಮ್ಮ ಹಿರಿಯರು ಈ ವಿಜ್ಞಾನವನ್ನು ಬುತ್ತಿಯಲ್ಲೇ ಕಟ್ಟಿಕೊಂಡು ತಿರುಗಿದವರು.

ಹಾಳೆಯ ಮೇಲೆ ದಿನ

ಸರಾಸರಿ ವೇಗ ಗಂಟೆಗೆ 40 ಕಿ.ಮೀ. ಹಿಡಿಯಿರಿ. ಮುಂಜಾನೆ 7.30ಕ್ಕೆ ಹೊರಟರೆ 9ರೊಳಗೆ ನಳದುರ್ಗ. ಅಲ್ಲಿನ ಕೋಟೆಯಲ್ಲಿ ಬೋರಿ ನದಿಗೆ ಕಟ್ಟಿದ ಒಡ್ಡು ಇದೆ, ಆ ಒಡ್ಡಿನ ಹೊಟ್ಟೆಯೊಳಗೇ ಕೋಣೆಗಳಿವೆ. ಅದೇ ಪಾನಿ ಮಹಲ್. ವಿಜಯಪುರದ 2ನೇ ಇಬ್ರಾಹಿಂ ಆದಿಲ್‌ಶಾಹನ ಕಾಲದ್ದು. ಮಳೆಗಾಲದಲ್ಲಿ ಒಡ್ಡಿನ ಮೇಲಿಂದ ನೀರು ಧುಮುಕುತ್ತದೆ, ಚಳಿಗಾಲದಲ್ಲಿ ಆ ನೋಟ ಸಿಗುವುದು ಕಷ್ಟ. ತಂಗಿಗೆ ಮೊದಲೇ ಹೇಳಿಡಿರಿ, ಇಲ್ಲಾಂದ್ರ ಅಲ್ಲಿ ಹೋಗಿ ಅಳ್ತಾಳ! ಆದರೆ ಕಟ್ಟಡ, ಕರಿಕಲ್ಲು ನಿಚ್ಚಳವಾಗಿ ಕಾಣುತ್ತವೆ. ಆ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ.

12ಕ್ಕೆ ಬಿಟ್ಟರೆ 1.15ಕ್ಕೆ ಅಕ್ಕಲಕೋಟೆ. ಊಟ, ಗುಡಿ, ಅಜ್ಜಿಗೆ ಅರ್ಧ ತಾಸು ವಿಶ್ರಾಂತಿ. 4ಕ್ಕೆ ಗಾಡಿ ಹತ್ತಿದರೆ 5ಕ್ಕೆ ಮನೆ. ಆದರೆ ದಿನ ನೋಡಿಕೊಳ್ಳಿರಿ. ಗುರುವಾರ, ಹುಣ್ಣಿಮೆ, ದತ್ತ ಜಯಂತಿಗೆ ಅಕ್ಕಲಕೋಟೆಯಲ್ಲಿ ಭಾರಿ ಗದ್ದಲ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಜಾತ್ರೆ, ನಂದಿಧ್ವಜದ ಮೆರವಣಿಗೆ. ಆ ದಿನಗಳಲ್ಲಿ ಗಾಡಿ ಮನೆಯಲ್ಲೇ ಬಿಟ್ಟು ಜಾತ್ರೆ ನೋಡಿರಿ.

ಈಗ ನಿಮಗೊಂದು ಲೆಕ್ಕ. ಸೊಲ್ಲಾಪುರದಿಂದ ವಿಜಯಪುರ ಸುಮಾರು 100 ಕಿ.ಮೀ. ಗೋಳಗುಮ್ಮಟ ನೋಡಿ, ಒಂದು ತಾಸು ಉಳಿಸಿ, ಹೊತ್ತು ಮುಳುಗೋದ್ರೊಳಗ ಮನೆಗೆ ಬರಲು ಆದೀತೇ? ಅಲ್ಲಿ ಎಷ್ಟು ತಾಸು ನಿಲ್ಲಬಹುದು? ಲೆಕ್ಕ ಮಾಡಿ ಮನೆಯಲ್ಲಿ ತೋರಿಸಿರಿ. ಸಂಜೆ 4ಕ್ಕೆ ಯಾರಾದರೂ "ಇನ್ನ ಸ್ವಲ್ಪ ಕೂಡೂಣು" ಅಂದರೆ, ಹಾಳೆ ಮುಂದಿಟ್ಟು ಹೇಳಿರಿ: "ಕಾಕಾ, 68 ಮೀಟರ್ ನೆನಪ ಐತಿ ಇಲ್ರಿ? ಏಳ್ರಿ, ಹೋಗೂಣು."